ಡೀಸೆಲ್ ಎರಚಲು ಮತ್ತು ಗಾಳಿ: ಪದೇ ಪದೇ ಕೇಳುವ ಪ್ರಶ್ನೆಗಳು

ಶಿವಮೊಗ್ಗದಲ್ಲಿ ಎಂಜಿನ್ನಿನ ಡೀಸೆಲ್ ಪಂಪ್ ಮತ್ತು ನಾಜಲ್ (ಸಿಲಿಂಡರಿನೊಳಕ್ಕೆ ಡೀಸೆಲ್ ಚಿಮ್ಮಿಸುವ ತುದಿ) ರಿಪೇರಿಯ ಮೇಜಿನ ಮುಂದೆ ನಾನು ಇಪ್ಪತ್ತೆರಡು ವರ್ಷ ಕಳೆದಿದ್ದೇನೆ. ಟಿಪ್ಪರ್ ಚಾಲಕರು, ತೀರ್ಥಹಳ್ಳಿ, ಹೊಸನಗರ ಕಡೆಯ ಅಡಿಕೆ ಬೆಳೆಗಾರರು, ಪ್ರಾಜೆಕ್ಟ್‌ಗೆಂದು ಬರುವ ಎಂಜಿನಿಯರಿಂಗ್ ಕಾಲೇಜಿನ ಮಕ್ಕಳು ಕೇಳುವ ಪ್ರಶ್ನೆಗಳು ಬೇರೆ ಬೇರೆಯಾಗಿ ಕಂಡರೂ ಕೊನೆಗೆ ಬಂದು ನಿಲ್ಲುವುದು ಒಂದೇ ಕಡೆ. ಸಿಲಿಂಡರಿನಲ್ಲಿ ಗಾಳಿ ಇರುವುದು ಬೇರೆ, ಡೀಸೆಲ್‌ಗೆ ಆ ಗಾಳಿ ಸಿಗುವುದು ಬೇರೆ. ಇವೆರಡರ ನಡುವಿನ ಅಂತರವೇ ಹೊಗೆ, ಅದೇ ಸದ್ದು, ಅದೇ ಮೈಲೇಜ್.

ಗಾಳಿಮಳೆಯಲ್ಲಿ ಜಗುಲಿಯೊಳಕ್ಕೆ ನುಗ್ಗುವ ಹನಿಯನ್ನು ನಾವು ಎರಚಲು ಎನ್ನುತ್ತೇವೆ. ನಾಜಲ್‌ನಿಂದ ಹೊರಡುವ ಡೀಸೆಲ್‌ಗೂ ಇಲ್ಲಿ ಅದೇ ಪದ ಬಳಸಿದ್ದೇನೆ. ಪ್ರಶ್ನೆಗಳನ್ನು ಆದಷ್ಟು ಕೇಳಿದವರ ಮಾತಿನಲ್ಲೇ ಉಳಿಸಿಕೊಂಡಿದ್ದೇನೆ.

## ಮೊದಲಿಗೆ ಕೇಳುವಂಥವು

ಡೀಸೆಲ್ ಎಂಜಿನ್‌ಗೆ ಸ್ಪಾರ್ಕ್ ಪ್ಲಗ್ಗೇ ಇಲ್ಲವಲ್ಲ, ಬೆಂಕಿ ಹತ್ತುವುದು ಎಲ್ಲಿಂದ?

ಗಾಳಿಯ ಬಿಸಿಯಿಂದ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ಬುಡ ಬಿಸಿಯಾಗುವುದನ್ನು ಎಲ್ಲರೂ ಮುಟ್ಟಿ ನೋಡಿರುತ್ತೀರಿ. ಡೀಸೆಲ್ ಎಂಜಿನ್ ತಾನು ಎಳೆದುಕೊಂಡ ಗಾಳಿಯನ್ನು ಹದಿನಾರರಿಂದ ಹದಿನೆಂಟರಲ್ಲಿ ಒಂದು ಪಾಲಿನಷ್ಟು ಜಾಗಕ್ಕೆ ಒತ್ತುತ್ತದೆ. ಆಗ ಗಾಳಿಯ ಬಿಸಿ 500ರಿಂದ 700 ಡಿಗ್ರಿ ಸೆಲ್ಸಿಯಸ್‌ವರೆಗೆ ಏರುತ್ತದೆ. ಡೀಸೆಲ್ ಆವಿ ತಾನಾಗಿಯೇ ಹತ್ತಿಕೊಳ್ಳಲು ಸುಮಾರು 250 ಡಿಗ್ರಿ ಸಾಕು. ಹಾಗಾಗಿ ಕಿಡಿ ಬೇಕಿಲ್ಲ. ಆದರೆ ಹತ್ತುವುದು ದ್ರವವಲ್ಲ, ಆವಿ. ಆ ಆವಿಗೂ ಪಕ್ಕದಲ್ಲಿ ಗಾಳಿ ಬೆರೆತಿರಬೇಕು.

ಪೆಟ್ರೋಲ್ ಗಾಡಿಯಲ್ಲಿ ಹೊರಗೇ ಬೆರೆಸಿ ಒಳಗೆ ಬಿಡುತ್ತಾರೆ. ಡೀಸೆಲ್‌ಗೂ ಹಾಗೇ ಮಾಡಬಹುದಿತ್ತಲ್ಲ?

ಮಾಡಿದರೆ ಪಿಸ್ಟನ್ ಮೇಲೆ ಬರುವ ಮೊದಲೇ, ನಮಗೆ ಬೇಡದ ಹೊತ್ತಿನಲ್ಲಿ, ಇಡೀ ಮಿಶ್ರಣ ಒಮ್ಮೆಲೇ ಹತ್ತಿಕೊಳ್ಳುತ್ತದೆ. ಅಷ್ಟು ಒತ್ತಿದ ಬಿಸಿ ಗಾಳಿಯಲ್ಲಿ ಡೀಸೆಲ್ ಸುಮ್ಮನೆ ಕಾಯುತ್ತ ಕೂರುವುದಿಲ್ಲ. ಅದಕ್ಕೇ ಗಾಳಿಯನ್ನು ಮೊದಲು ಒತ್ತಿ, ಬೆಂಕಿ ಬೇಕಾದ ಕ್ಷಣಕ್ಕೆ ಸರಿಯಾಗಿ ಡೀಸೆಲ್ ಎರಚುವುದು. ಇದಕ್ಕೆ ನಾವು ತೆರುವ ಬೆಲೆ ಸಮಯ. ಪೆಟ್ರೋಲ್‌ಗೆ ಬೆರೆಯಲು ಬಹಳ ಹೊತ್ತು ಸಿಗುತ್ತದೆ. ಡೀಸೆಲ್ ಹೊರಬರುವುದು, ಒಡೆಯುವುದು, ಆವಿಯಾಗುವುದು, ಬೆರೆಯುವುದು, ಉರಿಯುವುದು ಎಲ್ಲವೂ ಒಂದರ ಬೆನ್ನಿಗೆ ಒಂದು ನಡೆಯಬೇಕು. ಎಂಜಿನ್ ನಿಮಿಷಕ್ಕೆ 2,000 ಸುತ್ತು ತಿರುಗುತ್ತಿದ್ದರೆ ಕ್ರ್ಯಾಂಕ್ (ಪಿಸ್ಟನ್ ಜೊತೆ ತಿರುಗುವ ದಂಡ) 25 ಡಿಗ್ರಿ ತಿರುಗಲು ಸುಮಾರು ಎರಡು ಮಿಲಿಸೆಕೆಂಡ್ ಸಾಕು. ನೀವು ಒಮ್ಮೆ ರೆಪ್ಪೆ ಬಡಿಯುವ ಹೊತ್ತು ಇದರ ಐವತ್ತು ಪಟ್ಟಾದರೂ ಇರುತ್ತದೆ.

ಒಂದು ಸಲಕ್ಕೆ ಎಷ್ಟು ಡೀಸೆಲ್ ಹೋಗುತ್ತದೆ? ಒಂದು ಚಮಚ ಇರಬಹುದೇ?

ಚಮಚ ಬಹಳ ದೂರದ ಮಾತು. ಅರ್ಧ ಲೀಟರ್ ಗಾತ್ರದ ಒಂದು ಸಿಲಿಂಡರಿಗೆ, ಟರ್ಬೊ (ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಸಾಧನ) ಇಲ್ಲದ ಎಂಜಿನ್‌ನಲ್ಲಿ, ಪೂರ್ತಿ ಲೋಡ್ ಇದ್ದಾಗಲೂ ಹೋಗುವುದು ಸುಮಾರು 30 ಘನ ಮಿಲಿಮೀಟರ್. ಕಣ್ಣಿಗೆ ಹಾಕುವ ಔಷಧಿಯ ಒಂದು ತೊಟ್ಟಿಗಿಂತಲೂ ಕಡಿಮೆ. ಅದೂ ಐದಾರು ತೂತುಗಳಿಗೆ ಹಂಚಿಹೋಗುತ್ತದೆ.

ಇದೇ ತೊಟ್ಟನ್ನು ಒಂದು ಗುಂಡು ಹನಿಯಾಗಿ ಇಟ್ಟುಕೊಳ್ಳಿ. ಗಾಳಿಗೆ ತಾಗುವ ಅದರ ಮೈ ಅರ್ಧ ಚದರ ಸೆಂಟಿಮೀಟರ್ ಕೂಡ ಆಗುವುದಿಲ್ಲ. ಮಿಲಿಮೀಟರಿನ ಐವತ್ತರಲ್ಲಿ ಒಂದು ಪಾಲು ದಪ್ಪದ ಹನಿಗಳಾಗಿ ಒಡೆದರೆ ಎಪ್ಪತ್ತು ಲಕ್ಷದಷ್ಟು ಹನಿಗಳಾಗುತ್ತವೆ, ಅವುಗಳ ಒಟ್ಟು ಮೈ ಸುಮಾರು 90 ಚದರ ಸೆಂಟಿಮೀಟರ್. ಹೆಚ್ಚುಕಡಿಮೆ ನಿಮ್ಮ ಅಂಗೈಯಷ್ಟು. ಡೀಸೆಲ್ ಅಷ್ಟೇ, ಬಿಸಿ ತಾಗುವ ಜಾಗ ಮಾತ್ರ ಸುಮಾರು ಇನ್ನೂರು ಪಟ್ಟು. ನಾಜಲ್ ಎಂಬ ಸಣ್ಣ ಉಕ್ಕಿನ ತುಂಡಿಗೆ ಅಷ್ಟೊಂದು ದುಡ್ಡು ಏಕೆ ಎಂದು ಕೇಳುವವರಿಗೆ ನಾನು ಈ ಲೆಕ್ಕವನ್ನೇ ಹೇಳುತ್ತೇನೆ.

ಅಡಿಕೆಗೆ ಮದ್ದು ಹೊಡೆಯುವ ನಾಜಲ್ ಹಾಗೇ ಇದೂ ಅಂದರಲ್ಲ, ಸ್ವಲ್ಪ ಬಿಡಿಸಿ ಹೇಳಿ.

ನಮ್ಮೂರಿನವರಿಗೆ ಇದಕ್ಕಿಂತ ಒಳ್ಳೆಯ ಹೋಲಿಕೆ ನನಗೆ ಗೊತ್ತಿಲ್ಲ. ಕೊಳೆರೋಗಕ್ಕೆ ಬೋರ್ಡೋ ಮದ್ದು ಹೊಡೆಸುವಾಗ ನಾಜಲ್ಲಿನ ತಿರುಪು ಬಿಗಿ ಮಾಡಿದರೆ ಮದ್ದು ಮಂಜಿನಂತೆ ಹರಡುತ್ತದೆ. ನೋಡಲು ಚೆಂದ, ಆದರೆ ಗೊನೆಗೆ ಮುಟ್ಟುವ ಮೊದಲೇ ಗಾಳಿ ಅದನ್ನು ಪಕ್ಕದ ತೋಟಕ್ಕೆ ಒಯ್ಯುತ್ತದೆ. ತಿರುಪು ಸಡಿಲಿಸಿದರೆ ದಾರದಂತೆ ಮೇಲಕ್ಕೆ ಹೋಗುತ್ತದೆ. ಗೊನೆಗೆ ಮುಟ್ಟುತ್ತದೆ, ಆದರೆ ಒಂದೇ ಕಡೆ ಬಿದ್ದು ಕಾಯಿಯಿಂದ ಜಾರಿ ಕೆಳಗಿಳಿಯುತ್ತದೆ. ದೋಟಿ ಹಿಡಿದ ಅನುಭವಿ ಕೈ ಈ ಎರಡರ ನಡುವಿನ ಹದವನ್ನು ಹುಡುಕುತ್ತದೆ.

ಎಂಜಿನ್ ಒಳಗೂ ಅದೇ ಹದ. ತೀರ ಸಣ್ಣ ಹನಿ ನಾಜಲ್ ಬುಡದಲ್ಲೇ ನಿಂತುಬಿಟ್ಟರೆ ಸಿಲಿಂಡರಿನ ಅಂಚಿನ ಗಾಳಿ ಬಳಕೆಯಾಗದೆ ಉಳಿಯುತ್ತದೆ. ದಪ್ಪ ಹನಿ ನೇರವಾಗಿ ಹೋಗಿ ಪಿಸ್ಟನ್ ಗೋಡೆಗೆ ಬಡಿದರೆ ಅಲ್ಲಿ ಒದ್ದೆಯಾಗಿ ಕೂತು ಮಸಿಯಾಗುತ್ತದೆ.

ಹೋಲಿಕೆ ಎಲ್ಲಿಗೆ ನಿಲ್ಲುತ್ತದೆ ಎಂಬುದನ್ನೂ ಹೇಳಬೇಕು. ತೋಟದಲ್ಲಿ ಮದ್ದು ಹನಿಯಾಗಿಯೇ ಗೊನೆಗೆ ಅಂಟಬೇಕು. ಎಂಜಿನ್‌ನಲ್ಲಿ ಹನಿ ಹನಿಯಾಗಿ ಉಳಿಯಲೇಬಾರದು, ದಾರಿಯಲ್ಲೇ ಕರಗಿ ಆವಿಯಾಗಬೇಕು. ಇನ್ನೊಂದು, ಅಲ್ಲಿನ ಗಾಳಿ ನಮ್ಮ ಸುತ್ತಲಿನದಕ್ಕಿಂತ ಹದಿನೈದು ಇಪ್ಪತ್ತು ಪಟ್ಟು ದಟ್ಟ, ಟರ್ಬೊ ಇದ್ದರೆ ಇನ್ನೂ ಹೆಚ್ಚು. ಅಂಥ ಗಾಳಿಗೆ ನುಗ್ಗುವ ಎರಚಲು ಬೇಗ ವೇಗ ಕಳೆದುಕೊಂಡು ಅಗಲವಾಗುತ್ತದೆ.

## ಹೊಗೆ, ಘಾಟಿ, ಚಳಿ

ಬಯಲಲ್ಲಿ ಹೊಗೆ ಇಲ್ಲ, ಘಾಟಿ ಹತ್ತುವಾಗ ಮಾತ್ರ ಕಪ್ಪು ಹೊಗೆ. ಡೀಸೆಲ್ ಕಲಬೆರಕೆಯೇ?

ಹೆಚ್ಚಿನ ಸಲ ಅಲ್ಲ. ಸೋಮೇಶ್ವರದಿಂದ ಆಗುಂಬೆಗೆ ಹತ್ತುವ ಹದಿನಾಲ್ಕು ಹೇರ್‌ಪಿನ್ ತಿರುವುಗಳಲ್ಲಿ ಯಾವುದಾದರೂ ಒಂದರ ಬಳಿ ನಿಂತು ನೋಡಿ. ಗಾಡಿ ತಿರುವಿಗೆ ಬಂದಾಗ ವೇಗ ಇಳಿದಿರುತ್ತದೆ, ಎಂಜಿನ್ ಸುತ್ತು ಕಡಿಮೆಯಾಗಿರುತ್ತದೆ. ಚಾಲಕ ತಿರುವು ಮುಗಿಸುತ್ತಲೇ ಆಕ್ಸಿಲರೇಟರ್ ಪೂರ್ತಿ ಒತ್ತುತ್ತಾನೆ. ಅದೇ ಕ್ಷಣಕ್ಕೆ ಸೈಲೆನ್ಸರಿನಿಂದ ಕಪ್ಪು ಮೋಡ ಹೊರಡುತ್ತದೆ, ನಾಲ್ಕೈದು ಸೆಕೆಂಡಿನಲ್ಲಿ ತಿಳಿಯಾಗುತ್ತದೆ. ಡೀಸೆಲ್ ಹೆಚ್ಚಾಗಲು ಒಂದು ಕ್ಷಣ ಸಾಕು, ಟರ್ಬೊ ವೇಗ ಹಿಡಿದು ಗಾಳಿ ಹೆಚ್ಚಿಸಲು ಹೊತ್ತು ಬೇಕು. ಆ ಸಂದಿನಲ್ಲಿ ಹುಟ್ಟಿದ ಹೊಗೆ ಅದು.

ಒಂದು ಕಿಲೋ ಡೀಸೆಲ್ ಪೂರ್ತಿ ಉರಿಯಲು ಸುಮಾರು ಹದಿನಾಲ್ಕೂವರೆ ಕಿಲೋ ಗಾಳಿ ಬೇಕು. ಡೀಸೆಲ್ ಎಂಜಿನ್ ಪೂರ್ತಿ ಲೋಡಿನಲ್ಲೂ ಹದಿನೆಂಟು, ಇಪ್ಪತ್ತು ಕಿಲೋ ಇಟ್ಟುಕೊಂಡೇ ಓಡುತ್ತದೆ. ಅಂದರೆ ಲೆಕ್ಕಕ್ಕೆ ಗಾಳಿ ಮಿಕ್ಕಿರುತ್ತದೆ. ಆದರೂ ಹೊಗೆ ಬರುವುದೇಕೆ? ಎರಚಲಿನ ನಡುಭಾಗದಲ್ಲಿ ಆ ಹೊತ್ತಿಗೆ ಬೇಕಾದುದರ ಅರ್ಧದಷ್ಟೂ ಗಾಳಿ ಸೇರಿರುವುದಿಲ್ಲ. ಅಲ್ಲಿ ಡೀಸೆಲ್ ಉರಿಯುವ ಬದಲು ಬಿಸಿಗೆ ಸೀದು ಇಂಗಾಲದ ಕಣವಾಗುತ್ತದೆ. ಮದುವೆ ಮನೆಯಲ್ಲಿ ಅಡುಗೆ ಬೇಕಾದಷ್ಟಿದ್ದರೂ ಬಡಿಸುವವರು ತಲುಪದ ಪಂಕ್ತಿಯ ಎಲೆ ಖಾಲಿ ಉಳಿದಂತೆ.

ತಿರುವು ಮುಗಿದ ಮೇಲೂ ಹೊಗೆ ನಿಲ್ಲದಿದ್ದರೆ ಮಾತು ಬೇರೆ. ಏರ್ ಫಿಲ್ಟರ್, ಟರ್ಬೊದಿಂದ ಇಂಟರ್‌ಕೂಲರಿಗೆ ಹೋಗುವ ರಬ್ಬರ್ ಪೈಪು, ಆಮೇಲೆ ನಾಜಲ್, ಈ ಕ್ರಮದಲ್ಲಿ ನೋಡಿಸಿ. ಇದರಲ್ಲಿ ಚಾಲಕರ ಕೈಯಲ್ಲಿರುವುದೂ ಒಂದಿದೆ: ತಿರುವಿಗೆ ಬರುವ ಮೊದಲೇ ಗೇರ್ ಇಳಿಸಿ ಎಂಜಿನ್ ಸುತ್ತು ಉಳಿಸಿಕೊಂಡರೆ ಟರ್ಬೊ ನಿದ್ದೆಗೆ ಜಾರುವುದಿಲ್ಲ.

ಚಳಿಗಾಲದ ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಬಿಳಿ ಹೊಗೆ, ಕಣ್ಣುರಿಯುವ ವಾಸನೆ. ಎಂಜಿನ್ ಕೆಟ್ಟಿತೇ?

ಐದು ನಿಮಿಷದೊಳಗೆ ನಿಂತರೆ ಹೆದರಬೇಡಿ. ಅದು ಉರಿಯದೆ ಹೊರಬಂದ ಡೀಸೆಲ್. ಎರಚಲು ದ್ರವವಾಗಿ ಎಷ್ಟು ದೂರ ಹೋಗುತ್ತದೆ ಎಂಬುದು ಗಾಳಿಯ ಬಿಸಿಯ ಮೇಲೆ ನಿಂತಿದೆ. ಬಿಸಿಯಾದ ಎಂಜಿನ್‌ನಲ್ಲಿ ಒಂದೆರಡು ಸೆಂಟಿಮೀಟರ್ ಹೋಗುವಷ್ಟರಲ್ಲಿ ದ್ರವ ಮುಗಿದು ಆವಿ ಮಾತ್ರ ಮುಂದುವರಿಯುತ್ತದೆ. ತಣ್ಣನೆಯ ಎಂಜಿನ್‌ನಲ್ಲಿ ದ್ರವವೇ ಗೋಡೆಯವರೆಗೆ ಹೋಗಿ ಅಂಟಿಕೊಳ್ಳುತ್ತದೆ, ನಿಧಾನವಾಗಿ ಆವಿಯಾಗಿ, ಉರಿಯುವ ಹೊತ್ತು ದಾಟಿದ ಮೇಲೆ ಬಿಳಿ ಹೊಗೆಯಾಗಿ ಹೊರಡುತ್ತದೆ.

ಎಂಜಿನ್ ಕಾದ ಮೇಲೂ ಬಿಳಿ ಹೊಗೆ ಇದ್ದರೆ ಕಂಪ್ರೆಶನ್ ಕಡಿಮೆಯಾಗಿರಬಹುದು, ಟೈಮಿಂಗ್ ತಡವಾಗಿರಬಹುದು, ಅಥವಾ ಒಂದು ನಾಜಲ್ ಜಿನುಗುತ್ತಿರಬಹುದು. ಡೀಸೆಲ್ ವಾಸನೆ ಇಲ್ಲದ ಬಿಳಿ ಹಬೆ ಬರುತ್ತ ರೇಡಿಯೇಟರ್ ನೀರೂ ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಕಡೆ ನೋಡಬೇಕು. ನೀಲಿ ಹೊಗೆ ಎಂಜಿನ್ ಆಯಿಲ್‌ನದು. ಅದಕ್ಕೂ ನಾಜಲ್‌ಗೂ ಸಾಮಾನ್ಯವಾಗಿ ಸಂಬಂಧವಿಲ್ಲ.

ಮುಳ್ಳಯ್ಯನಗಿರಿಗೆ ಹೋದಾಗ ಹಳೆಯ ಜೀಪು ಸೋತುಹೋಯಿತು. ಎತ್ತರಕ್ಕೂ ಇದಕ್ಕೂ ಸಂಬಂಧ ಇದೆಯೇ?

ಖಂಡಿತ ಇದೆ. ಶಿಖರದ ಎತ್ತರ ಸುಮಾರು 1,930 ಮೀಟರ್. ಸಮುದ್ರ ಮಟ್ಟದಲ್ಲಿರುವ ಗಾಳಿಯ ಒತ್ತಡದಲ್ಲಿ ಐದನೆಯ ಒಂದು ಪಾಲು ಅಲ್ಲಿ ಕಡಿಮೆ. ಟರ್ಬೊ ಇಲ್ಲದ ಜೀಪಿನ ಪಂಪ್‌ಗೆ ಅದು ತಿಳಿಯುವುದಿಲ್ಲ. ಕೆಳಗೆ ಕೊಟ್ಟಷ್ಟೇ ಡೀಸೆಲ್ ಮೇಲೂ ಕೊಡುತ್ತದೆ. ಗಾಳಿ ತೆಳುವಾದಾಗ ಎರಚಲು ದೂರ ಹೋಗುತ್ತದೆ, ಆದರೆ ಕಡಿಮೆ ಹರಡುತ್ತದೆ, ಒಳಕ್ಕೆ ಎಳೆದುಕೊಳ್ಳುವ ಗಾಳಿಯೂ ಕಡಿಮೆ. ಶಕ್ತಿ ಇಳಿಯುವುದೂ ಹೊಗೆ ಏರುವುದೂ ಒಟ್ಟಿಗೇ ಆಗುತ್ತವೆ. ಹೊಸ ಗಾಡಿಗಳಲ್ಲಿ ಒತ್ತಡ ಅಳೆಯುವ ಸೆನ್ಸರ್ ಇರುವುದರಿಂದ ಡೀಸೆಲ್ ತಾನಾಗಿ ಕಡಿಮೆಯಾಗುತ್ತದೆ.

ಮಳೆಗಾಲದ ತೇವದ ಗಾಳಿಯಿಂದ ಉರಿ ಕೆಡುತ್ತದೆಯೇ?

ಬಹಳ ಸ್ವಲ್ಪ. ಗಾಳಿಯಲ್ಲಿನ ನೀರಾವಿ ಉರಿಯನ್ನು ಒಂದಿಷ್ಟು ತಣಿಸುತ್ತದೆ, ಅಷ್ಟೇ. ಮಲೆನಾಡಿನ ಮಳೆಗಾಲದಲ್ಲಿ ನಿಜವಾದ ಹಾನಿ ಮಾಡುವುದು ಡೀಸೆಲ್ ಟ್ಯಾಂಕಿನೊಳಗೆ ಸೇರುವ ನೀರು. ಅರ್ಧ ಖಾಲಿ ಟ್ಯಾಂಕಿನಲ್ಲಿ ರಾತ್ರಿ ಬೆವರಿ ಇಳಿದ ನೀರು, ಕ್ಯಾನಿನಲ್ಲಿ ತುಂಬಿಡುವಾಗ ಬಿದ್ದ ನೀರು ನಾಜಲ್ಲಿನ ಸೂಜಿಗೆ ತುಕ್ಕು ಹಿಡಿಸುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಫಿಲ್ಟರಿನ ಕೆಳಗಿನ ತಿರುಪು ಬಿಚ್ಚಿ ವಾರಕ್ಕೊಮ್ಮೆ ನೀರು ಇಳಿಸಿ.

ಡೀಸೆಲ್ ಎಂಜಿನ್ ಟಕ ಟಕ ಎನ್ನುವುದೇಕೆ?

ಎರಚಿದ ತಕ್ಷಣ ಬೆಂಕಿ ಹತ್ತುವುದಿಲ್ಲ. ಆವಿಯಾಗಿ, ಬೆರೆತು, ಬಿಸಿಯಾಗಲು ಮಿಲಿಸೆಕೆಂಡಿನ ಆಸುಪಾಸಿನ ಹೊತ್ತು ಬೇಕು. ಅಷ್ಟರೊಳಗೆ ಬೆರೆತು ಸಿದ್ಧವಾಗಿ ನಿಂತ ಡೀಸೆಲ್ಲೆಲ್ಲ ಒಂದೇ ಸಲಕ್ಕೆ ಹತ್ತುತ್ತದೆ, ಒತ್ತಡ ಧಿಡೀರ್ ಎಂದು ಏರುತ್ತದೆ. ಆ ಹೊಡೆತದ ಸದ್ದೇ ಟಕ ಟಕ. ಕಾಯುವ ಹೊತ್ತು ಉದ್ದವಾದಷ್ಟೂ ಸದ್ದು ಜೋರು, ಚಳಿಯಲ್ಲಿ ಇನ್ನೂ ಜೋರು. ಬೇಗ ಹತ್ತುವ ಗುಣವನ್ನು ಸೀಟೇನ್ ಸಂಖ್ಯೆಯಿಂದ ಅಳೆಯುತ್ತಾರೆ. ಈಗ ನಮಗೆ ಸಿಗುವ ಬಿಎಸ್-6 (ಭಾರತ್ ಸ್ಟೇಜ್ ಎಂಬ ಹೊಗೆ ನಿಯಮದ ಆರನೆಯ ಹಂತ) ಡೀಸೆಲ್‌ಗೆ ಅದು ಕನಿಷ್ಠ 51 ಇರಬೇಕು. ಕಾಮನ್ ರೈಲ್ (ಒತ್ತಡವನ್ನು ಒಂದು ಕೊಳವೆಯಲ್ಲಿ ಕೂಡಿಟ್ಟು ಎರಚುವ ಹೊಸ ವ್ಯವಸ್ಥೆ) ಗಾಡಿಗಳಲ್ಲಿ ಮುಖ್ಯ ಎರಚಲಿಗೆ ಮೊದಲು ಒಂದೆರಡು ಘನ ಮಿಲಿಮೀಟರ್ ಮಾತ್ರ ಎರಚಿ ಸಣ್ಣ ಬೆಂಕಿ ಹೊತ್ತಿಸಿಕೊಳ್ಳುತ್ತಾರೆ. ಆಮೇಲೆ ಬಂದದ್ದು ಕಾಯದೆ ಹತ್ತುತ್ತದೆ. ಹೊಸ ಗಾಡಿಗಳ ಸದ್ದು ತಗ್ಗಿರುವುದು ಬಹುಪಾಲು ಇದರಿಂದ.

## ನಾಜಲ್ ಮೇಜಿನ ಮುಂದೆ

ನಾಜಲ್ ಟೆಸ್ಟ್ ಮಾಡುವಾಗ ನೀವು ನಿಜವಾಗಿ ಏನು ನೋಡುತ್ತೀರಿ?

ಹಳೆಯ ಮೆಕ್ಯಾನಿಕಲ್ ಪಂಪಿನ ನಾಜಲ್‌ಗಳ ಮಾತು ಹೇಳುತ್ತೇನೆ. ನಾಜಲನ್ನು ಟೆಸ್ಟರಿಗೆ ಕಟ್ಟಿ ಕೈಹಿಡಿಯನ್ನು ಒತ್ತುತ್ತ ಹೋದರೆ ಮುಳ್ಳು ಏರುತ್ತದೆ. 200 ಬಾರ್ (ಒಂದು ಬಾರ್ ಎಂದರೆ ಸುಮಾರು ನಮ್ಮ ಸುತ್ತಲಿನ ಗಾಳಿಯ ಒತ್ತಡ) ಆಸುಪಾಸು, ಆಯಾ ನಾಜಲ್‌ಗೆ ನಿಗದಿಯಾದ ಒತ್ತಡದಲ್ಲಿ, ಸೂಜಿ ಎದ್ದು ಡೀಸೆಲ್ ಹೊರಡಬೇಕು. ಮೊದಲು ಕಿವಿ ಕೆಲಸ ಮಾಡುತ್ತದೆ: ಒಳ್ಳೆಯ ನಾಜಲ್ ಕರ್ರ್ ಎಂದು ನಡುಗುವ ಸದ್ದು ಮಾಡುತ್ತದೆ, ಸೂಜಿ ಕೂತು ಏಳುವ ಸದ್ದದು. ಆಮೇಲೆ ಕಣ್ಣು. ಪ್ರತಿ ತೂತಿನಿಂದಲೂ ಒಂದೇ ಅಗಲದ, ಒಂದೇ ಬಣ್ಣದ ಬೀಸಣಿಗೆ ಬರಬೇಕು. ನಡುವೆ ಗಾಢವಾದ ಗೆರೆ ಕಂಡರೆ ಅಲ್ಲಿ ಡೀಸೆಲ್ ಒಡೆದಿಲ್ಲ. ಕೊನೆಗೆ, ತೆರೆಯುವ ಒತ್ತಡಕ್ಕಿಂತ 20 ಬಾರ್ ಕೆಳಗೆ ಹತ್ತು ಸೆಕೆಂಡ್ ಹಿಡಿದಿಟ್ಟರೂ ತುದಿಯಿಂದ ತೊಟ್ಟು ಬೀಳಬಾರದು.

ಒಮ್ಮೆ ಹೊಸನಗರದ ಕಡೆಯ ಬೆಳೆಗಾರರೊಬ್ಬರು ಪಿಕಪ್ ಗಾಡಿಯ ನಾಲ್ಕು ನಾಜಲ್ ತಂದಿದ್ದರು. ಕಪ್ಪು ಹೊಗೆಗೆಂದು ಬೇರೆಡೆ ಟರ್ಬೊವನ್ನೇ ಬದಲಾಯಿಸಿಕೊಂಡಿದ್ದರು, ಹೊಗೆ ಹಾಗೇ ಇತ್ತು. ಮೂರು ಸರಿಯಿದ್ದವು. ನಾಲ್ಕನೆಯದರ ಕೆಳಗೆ ಬಿಳಿ ಕಾಗದ ಹಿಡಿದು ಒಂದು ಸಲ ಒತ್ತಿದೆ. ಐದು ಕಲೆ ಬೀಳಬೇಕಾದಲ್ಲಿ ನಾಲ್ಕು ಬಿದ್ದವು, ಅದರಲ್ಲೂ ಒಂದು ಕಲೆ ಉಳಿದವುಗಳ ಎರಡರಷ್ಟಿತ್ತು. ಒಂದು ತೂತನ್ನು ಇಂಗಾಲ ಮುಚ್ಚಿತ್ತು, ಪಕ್ಕದ್ದು ಸವೆದು ಅಗಲವಾಗಿತ್ತು. ಸಿಲಿಂಡರಿನ ಒಂದು ಮೂಲೆಯ ಗಾಳಿಗೆ ಡೀಸೆಲ್ಲೇ ಇಲ್ಲ, ಇನ್ನೊಂದು ಮೂಲೆಯ ಡೀಸೆಲ್‌ಗೆ ಗಾಳಿ ಸಾಲದು. ಕಾಗದವನ್ನು ಅವರ ಕೈಗೇ ಕೊಟ್ಟೆ. ಆಮೇಲೆ ನಾನು ಏನನ್ನೂ ವಿವರಿಸಬೇಕಾಗಲಿಲ್ಲ.

ಇಲ್ಲಿ ಒಂದು ಮಾತು ಬಹಳ ಮುಖ್ಯ. ಎರಚಲಿನ ಮುಂದೆ ಕೈ ಒಡ್ಡಲೇಬೇಡಿ. ನೂರು ಬಾರ್ ಒತ್ತಡದ ಡೀಸೆಲ್ಲೂ ಚರ್ಮವನ್ನು ತೂರಿ ಒಳಗೆ ಸೇರುತ್ತದೆ. ಹೊರಗೆ ಸೂಜಿ ಚುಚ್ಚಿದಷ್ಟೇ ಗಾಯ ಕಾಣುತ್ತದೆ, ಒಳಗೆ ಮಾಂಸ ಕೊಳೆಯುತ್ತದೆ, ಬೆರಳು ಕಳೆದುಕೊಳ್ಳಬೇಕಾಗುತ್ತದೆ. ಹಾಗಾದರೆ ನೋವಿಲ್ಲದಿದ್ದರೂ ಅದೇ ಗಂಟೆಯಲ್ಲಿ ಆಸ್ಪತ್ರೆಗೆ ಹೋಗಿ, ಡೀಸೆಲ್ ಚುಚ್ಚಿದೆ ಎಂದು ವೈದ್ಯರಿಗೆ ಬಿಡಿಸಿ ಹೇಳಿ. ಕಾಗದ ಹಿಡಿಯುವುದಿದ್ದರೂ ಇಕ್ಕಳದಲ್ಲಿ ಹಿಡಿಯಬೇಕು. ಕಾಮನ್ ರೈಲ್ ಗಾಡಿಯಲ್ಲಿ ಎಂಜಿನ್ ಓಡುವಾಗ ಪೈಪಿನ ನಟ್ ಸಡಿಲಿಸುವ ಹಳೆಯ ಅಭ್ಯಾಸವನ್ನು ಪೂರ್ತಿ ಬಿಟ್ಟುಬಿಡಿ.

ನಾಜಲ್ ತೂತು ಸ್ವಲ್ಪ ದೊಡ್ಡದು ಮಾಡಿಸಿದರೆ ಪಿಕಪ್ ಬರುತ್ತದಂತೆ, ಹೌದೇ ಅಣ್ಣಾ?

ಬೇಡ ತಮ್ಮಾ. ತೂತಿನ ಅಗಲ ಹೆಚ್ಚಾದಷ್ಟೂ ಎರಚಲು ದ್ರವವಾಗಿ ಹೋಗುವ ದೂರವೂ ಹೆಚ್ಚುತ್ತದೆ, ಗಾಳಿ ಅದರ ನಡುವಿನವರೆಗೆ ತಲುಪುವುದು ತಡವಾಗುತ್ತದೆ. ಡೀಸೆಲ್ ಹೆಚ್ಚು ಹೋಗುವುದು ನಿಜ. ಅದರಲ್ಲಿ ಒಂದು ಭಾಗ ಶಕ್ತಿಯಾಗುತ್ತದೆ, ಉಳಿದದ್ದು ಹೊಗೆಯಾಗುತ್ತದೆ, ಪಿಸ್ಟನ್ ತಲೆ ಸುಡುತ್ತದೆ, ಎಂಜಿನ್ ಆಯಿಲ್ ತೆಳುವಾಗುತ್ತದೆ. ಸುಟ್ಟು ತೂತಾದ ಪಿಸ್ಟನ್‌ಗಳನ್ನು ಕೈಯಲ್ಲಿ ಹಿಡಿದು ನೋಡಿದ್ದೇನೆ. ಈ ಕೆಲಸವನ್ನು ನಾನು ಮಾಡಿಕೊಡುವುದಿಲ್ಲ.

ಮೊದಲೆಲ್ಲ 200 ಬಾರ್ ಸಾಕಾಗಿತ್ತು. ಈಗ 2,000 ಬಾರ್ ಏಕೆ?

ಸಣ್ಣ ತೂತಿನಿಂದ ಅಷ್ಟೇ ಡೀಸೆಲ್ಲನ್ನು ಅಷ್ಟೇ ಹೊತ್ತಿನಲ್ಲಿ ಹೊರಗೆ ತಳ್ಳಬೇಕಲ್ಲ, ಅದಕ್ಕೆ.

ಇದಕ್ಕೊಂದು ಚರಿತ್ರೆಯೂ ಇದೆ. 1897ರಲ್ಲಿ ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ರುಡಾಲ್ಫ್ ಡೀಸೆಲ್ ಓಡಿಸಿ ತೋರಿಸಿದ ಎಂಜಿನ್‌ನಲ್ಲಿ ಎಣ್ಣೆಯನ್ನು ಒಳಗೆ ಊದಲು ಬೇರೆ ಕಂಪ್ರೆಸರ್‌ನ ಗಾಳಿ ಬೇಕಿತ್ತು. ಎರಚಲು ಚೆನ್ನಾಗಿಯೇ ಬರುತ್ತಿತ್ತು, ಆದರೆ ಆ ಕಂಪ್ರೆಸರ್ ಹೊತ್ತು ಲಾರಿ ಓಡುವಂತಿರಲಿಲ್ಲ. 1927ರಲ್ಲಿ ಬಾಷ್ ಕಂಪನಿ ಇಂಜೆಕ್ಷನ್ ಪಂಪ್‌ಗಳನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸಲು ಆರಂಭಿಸಿದ ಮೇಲೆ ಡೀಸೆಲ್ ರಸ್ತೆಗೆ ಬಂತು. 1990ರ ದಶಕದ ಕೊನೆಯ ಭಾಗದಲ್ಲಿ ಕಾಮನ್ ರೈಲ್ ಬಂತು: ಒತ್ತಡವನ್ನು ಒಂದು ದಪ್ಪ ಕೊಳವೆಯಲ್ಲಿ ಕೂಡಿಟ್ಟುಕೊಂಡು, ಬೇಕಾದಾಗ ಬೇಕಾದಷ್ಟು ಸಲ ಇಂಜೆಕ್ಟರ್ ತೆರೆಯುವ ವ್ಯವಸ್ಥೆ.

200 ಬಾರ್‌ನಲ್ಲಿ ಡೀಸೆಲ್ ಹೊರಡುವ ವೇಗ ಲೆಕ್ಕದ ಪ್ರಕಾರ ಸೆಕೆಂಡಿಗೆ ಸುಮಾರು 200 ಮೀಟರ್. 1,500 ಬಾರ್‌ಗೆ ಅದು 600 ಮೀಟರ್ ಮುಟ್ಟುತ್ತದೆ. ಇಂದಿನ ತೂತುಗಳ ಅಗಲ 0.1ರಿಂದ 0.2 ಮಿಲಿಮೀಟರ್, ಒಂದೆರಡು ತಲೆಗೂದಲಿನಷ್ಟು. ಅದಕ್ಕೇ ಒಂದು ಮಣ್ಣಿನ ಕಣ ಕೂಡ ಈಗ ದೊಡ್ಡ ಶತ್ರು. ಡೀಸೆಲ್ ಫಿಲ್ಟರಿನಲ್ಲಿ ಉಳಿತಾಯ ಮಾಡಲು ಹೋಗಬೇಡಿ.

ಹೊಂಗೆ ಎಣ್ಣೆ ಅಥವಾ ಸೀಮೆಎಣ್ಣೆ ಬೆರೆಸಿ ಪಂಪ್‌ಸೆಟ್ ಓಡಿಸಬಹುದೇ?

ಎರಡೂ ಎರಚಲನ್ನು ಕೆಡಿಸುತ್ತವೆ, ಒಂದೊಂದು ಒಂದೊಂದು ದಿಕ್ಕಿನಲ್ಲಿ. ಹೊಂಗೆ ಎಣ್ಣೆ ಡೀಸೆಲ್‌ಗಿಂತ ಸುಮಾರು ಹತ್ತು ಪಟ್ಟು ಮಂದ. ಒಡೆಯದೆ ಕಡ್ಡಿಯಂತೆ ದೂರ ಹೋಗಿ ಗೋಡೆಗೆ ಅಂಟುತ್ತದೆ, ನಾಜಲ್ ತುದಿಯಲ್ಲಿ ಇಂಗಾಲ ಕಟ್ಟುತ್ತದೆ. ಸೀಮೆಎಣ್ಣೆ ಬೇಗ ಆವಿಯಾಗುತ್ತದೆ, ಆದರೆ ಅದಕ್ಕೆ ಜಿಡ್ಡಿಲ್ಲ. ಪಂಪಿನ ಪ್ಲಂಜರ್ ಸವೆಯುತ್ತದೆ. ಡೀಸೆಲ್‌ಗೆ ಕಲಬೆರಕೆ ಮಾಡುವುದು ಅಪರಾಧವೂ ಹೌದು.

ಹೊಂಗೆಯನ್ನು ತಳ್ಳಿಹಾಕುತ್ತಿದ್ದೇನೆ ಎಂದುಕೊಳ್ಳಬೇಡಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾಗಿದ್ದ ಉಡುಪಿ ಶ್ರೀನಿವಾಸ ಅವರು ಹೊಂಗೆ ಎಣ್ಣೆಯಿಂದ ಜನರೇಟರ್ ಓಡಿಸಿ ತೋರಿಸಿದ್ದಾರೆ. ಎಣ್ಣೆಯನ್ನು ರಾಸಾಯನಿಕವಾಗಿ ಬಯೋಡೀಸೆಲ್ ಮಾಡಿದರೆ ಮಂದತನ ಡೀಸೆಲ್‌ನ ಹತ್ತಿರಕ್ಕೆ ಇಳಿಯುತ್ತದೆ, ಎರಚಲೂ ಸುಧಾರಿಸುತ್ತದೆ. ಗಾಣದಿಂದ ತಂದ ಎಣ್ಣೆಯನ್ನು ನೇರವಾಗಿ ಟ್ಯಾಂಕಿಗೆ ಸುರಿಯುವುದು ಮಾತ್ರ ಬೇಡ.

## ಇನ್ನಷ್ಟು ಒಳಕ್ಕೆ

ಎರಚಲು ಅಷ್ಟು ವೇಗವಾಗಿ ಹೋಗುವಾಗ ಗಾಳಿ ಅದರೊಳಗೆ ಹೇಗೆ ಸೇರುತ್ತದೆ?

ಗಾಳಿ ತಾನಾಗಿ ಬರುವುದಿಲ್ಲ, ಎರಚಲೇ ಎಳೆದುಕೊಳ್ಳುತ್ತದೆ. ವೇಗವಾಗಿ ಬಸ್ ಹಾದುಹೋದಾಗ ರಸ್ತೆ ಬದಿಯ ತರಗೆಲೆಗಳು ಅದರ ಹಿಂದೆ ಸುಳಿಯುತ್ತ ಹೋಗುವುದನ್ನು ನೋಡಿದ್ದೀರಿ. ಹಾಗೆಯೇ ಎರಚಲಿನ ಅಂಚಿನ ಸುಳಿಗಳು ಸುತ್ತಲಿನ ಬಿಸಿ ಗಾಳಿಯನ್ನು ಒಳಕ್ಕೆ ಸುತ್ತಿಕೊಳ್ಳುತ್ತವೆ. ತನ್ನ ವೇಗವನ್ನು ಆ ಗಾಳಿಗೆ ಹಂಚಿ ಎರಚಲು ನಿಧಾನವಾಗುತ್ತದೆ, ಶಂಕುವಿನಂತೆ ಅಗಲವಾಗುತ್ತದೆ. ಡೀಸೆಲ್ಲನ್ನು ಆವಿ ಮಾಡುವ ಬಿಸಿಯನ್ನು ತರುವುದೂ ಇದೇ ಗಾಳಿ.

ಇದಕ್ಕೆ ನೆರವಾಗಿ ಒಳಬರುವ ಗಾಳಿಗೆ ಇನ್‌ಟೇಕ್ ದಾರಿಯಲ್ಲೇ ಸುತ್ತು ಕೊಡುತ್ತಾರೆ. ಪಿಸ್ಟನ್ ತಲೆಯಲ್ಲಿ ಬಟ್ಟಲು ಕೊರೆದಿರುತ್ತಾರೆ. ಪಿಸ್ಟನ್ ಮೇಲೆ ಬಂದಾಗ ಅಂಚಿನ ಗಾಳಿ ಹಿಂಡಿಕೊಂಡು ಈ ಬಟ್ಟಲಿಗೆ ನುಗ್ಗುತ್ತದೆ. ಕಡಿಮೆ ಒತ್ತಡದ ಹಳೆಯ ಎಂಜಿನ್‌ಗಳು ಈ ಸುತ್ತನ್ನೇ ಹೆಚ್ಚು ನೆಚ್ಚಿಕೊಂಡಿದ್ದವು. ಈಗ ಒತ್ತಡವೇ ಹೆಚ್ಚಿನ ಕೆಲಸ ಮಾಡುತ್ತದೆ. ಸುತ್ತು ಅತಿಯಾದರೂ ಕಷ್ಟ, ಒಂದು ತೂತಿನ ಉರಿ ಪಕ್ಕದ ತೂತಿನ ಉರಿಯ ಮೇಲೆ ಬೀಳುತ್ತದೆ.

ಒತ್ತಡ ಹೆಚ್ಚಿಸಿದರೆ ದ್ರವ ಇನ್ನೂ ದೂರ ಹೋಗಿ ಗೋಡೆಗೆ ಬಡಿಯಬೇಕಲ್ಲವೇ, ಸಾರ್?

ಹಾಗೆಂದು ಯಾರಿಗಾದರೂ ಅನಿಸುತ್ತದೆ, ನನಗೂ ಬಹಳ ಕಾಲ ಅನಿಸಿತ್ತು. ಬಿಸಿಯಾದ ಎಂಜಿನ್‌ನ ಸ್ಥಿತಿಯಲ್ಲಿ ಅಳೆದಾಗ ದ್ರವ ತಲುಪುವ ದೂರ ಒತ್ತಡದಿಂದ ಹೆಚ್ಚುಕಡಿಮೆ ಬದಲಾಗುವುದಿಲ್ಲ. ಒತ್ತಡ ಹೆಚ್ಚಿದರೆ ಡೀಸೆಲ್ ಬೇಗ ಬರುತ್ತದೆ, ಅದೇ ಪ್ರಮಾಣದಲ್ಲಿ ಅದು ಎಳೆದುಕೊಳ್ಳುವ ಬಿಸಿ ಗಾಳಿಯೂ ಹೆಚ್ಚುತ್ತದೆ. ಎರಡೂ ಸರಿಹೋಗುತ್ತವೆ. ಆ ದೂರ ನೇರವಾಗಿ ಹೊಂದಿಕೊಂಡಿರುವುದು ತೂತಿನ ಅಗಲಕ್ಕೆ: ಅಗಲ ಅರ್ಧವಾದರೆ ದೂರವೂ ಅರ್ಧ. ಇದರಿಂದ ತಿಳಿಯುವುದೆಂದರೆ, ಇಂದಿನ ಎಂಜಿನ್‌ಗಳಲ್ಲಿ ಹನಿ ಒಡೆಯುವ ಕೆಲಸ ಬೇಗನೇ ಮುಗಿದಿರುತ್ತದೆ. ತಡವಾಗುವುದು ಗಾಳಿ ಬಂದು ಸೇರುವುದು.

ಪ್ರತಿ ಹನಿಯ ಸುತ್ತಲೂ ಬೆಂಕಿ ಉರಿಯುತ್ತದೆ ಎಂದು ಓದಿದ್ದೆವು. ಅದು ಸರಿಯೇ?

ಹಳೆಯ ಪಾಠ ಹಾಗೆಯೇ ಇತ್ತು. ಅಮೆರಿಕದ ಸಾಂಡಿಯಾ ರಾಷ್ಟ್ರೀಯ ಪ್ರಯೋಗಾಲಯದಲ್ಲಿ ಗಾಜಿನ ಕಿಟಕಿ ಇಟ್ಟ ಎಂಜಿನ್ ಒಳಗೆ ತೆಳ್ಳನೆಯ ಲೇಸರ್ ಹಾಳೆ ಹಾಯಿಸಿ ಚಿತ್ರ ತೆಗೆದರು. ಅವುಗಳ ಆಧಾರದ ಮೇಲೆ ಜಾನ್ ಡೆಕ್ 1997ರಲ್ಲಿ ಮಂಡಿಸಿದ ಚಿತ್ರ ಬೇರೆಯೇ ಆಗಿದೆ. ಬೆಂಕಿ ಇರುವ ಜಾಗಕ್ಕೆ ಹನಿಗಳು ತಲುಪುವುದೇ ಇಲ್ಲ, ಅದಕ್ಕೂ ಮೊದಲೇ ಆವಿಯಾಗಿರುತ್ತವೆ. ಆ ಆವಿ ಬೇಕಾದುದಕ್ಕಿಂತ ಬಹಳ ಕಡಿಮೆ ಗಾಳಿಯೊಂದಿಗೆ ಬೆರೆತು ಅರೆಬರೆ ಉರಿಯುತ್ತದೆ, ಮಸಿ ಹುಟ್ಟುವುದು ಅಲ್ಲಿ. ಈ ಅರೆಬೆಂದ ಅನಿಲ ಮುಂದೆ ಸಾಗಿ, ಎರಚಲಿನ ಹೊರ ಅಂಚಿನಲ್ಲಿ ಗಾಳಿ ಸಿಕ್ಕ ಕಡೆ ತೆಳ್ಳನೆಯ ಜ್ವಾಲೆಯಾಗಿ ಪೂರ್ತಿ ಉರಿಯುತ್ತದೆ. ಒಳಗೆ ಹುಟ್ಟಿದ ಮಸಿಯ ಬಹುಪಾಲು ಈ ಅಂಚಿನಲ್ಲೇ ಸುಟ್ಟುಹೋಗುತ್ತದೆ. ಸೈಲೆನ್ಸರಿನಲ್ಲಿ ನಾವು ಕಾಣುವುದು ಸುಡದೆ ತಪ್ಪಿಸಿಕೊಂಡ ಸ್ವಲ್ಪ ಪಾಲನ್ನು.

ಹೊಗೆ ಕಡಿಮೆ ಮಾಡಲು ಹೋದರೆ ಇನ್ನೊಂದು ವಿಷಾನಿಲ ಹೆಚ್ಚಾಗುತ್ತದೆ ಎನ್ನುತ್ತಾರೆ, ನಿಜವೇ?

ನಿಜ. ಗಾಳಿ ಚೆನ್ನಾಗಿ ಸಿಕ್ಕ ಹೊರ ಅಂಚಿನ ಜ್ವಾಲೆ ಬಹಳ ಬಿಸಿ. ಆ ಬಿಸಿಯಲ್ಲಿ ಗಾಳಿಯ ನೈಟ್ರೋಜನ್ ಕೂಡ ಆಮ್ಲಜನಕದೊಂದಿಗೆ ಸೇರಿ ನೈಟ್ರೋಜನ್ ಆಕ್ಸೈಡ್ ಆಗುತ್ತದೆ. ಅದನ್ನು ತಗ್ಗಿಸಲು ಹೊಗೆಯ ಒಂದು ಪಾಲನ್ನು ತಿರುಗಿ ಒಳಗೆ ಬಿಟ್ಟು ಉರಿ ತಣಿಸುತ್ತಾರೆ, ಆಗ ಆಮ್ಲಜನಕ ಕಡಿಮೆಯಾಗಿ ಮಸಿ ಹೆಚ್ಚುತ್ತದೆ. ಈ ಜಗ್ಗಾಟದಿಂದಾಗಿಯೇ 2020ರ ಏಪ್ರಿಲ್ 1ರಿಂದ ಜಾರಿಯಾದ ಬಿಎಸ್-6 ಗಾಡಿಗಳಲ್ಲಿ ಎರಡಕ್ಕೂ ಹೊರಗಡೆ ಬೇರೆ ಬೇರೆ ಏರ್ಪಾಡಿದೆ: ಮಸಿ ಹಿಡಿಯುವ ಫಿಲ್ಟರ್, ಮತ್ತು ದೊಡ್ಡ ಗಾಡಿಗಳಲ್ಲಿ ಶೇ. 32.5 ಯೂರಿಯಾ ಇರುವ ದ್ರಾವಣ. ಚಾಲಕರು ಯೂರಿಯಾ ಎಂದೇ ಕರೆಯುವ ಆ ದ್ರಾವಣವನ್ನು ಗೊಬ್ಬರದ ಚೀಲದಿಂದ ಮನೆಯಲ್ಲೇ ಕರಗಿಸಿ ಹಾಕಿದವರೂ ಇದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ, ಅದರ ಕಲ್ಮಶ ಇಡೀ ವ್ಯವಸ್ಥೆಯನ್ನು ಕಟ್ಟಿಸುತ್ತದೆ.

ಹೊರಗಡೆ ಹಿಡಿಯುವ ಬದಲು ಒಳಗೇ ಮಸಿ ಹುಟ್ಟದಂತೆ ಮಾಡಲಾಗದೇ?

ಬೆಂಕಿ ನಾಜಲ್ ತುದಿಯಲ್ಲೇ ಹತ್ತುವುದಿಲ್ಲ, ಒಂದಿಷ್ಟು ದೂರ ಬಿಟ್ಟು ನಿಂತಿರುತ್ತದೆ. ಆ ಅಂತರದಲ್ಲಿ ಎರಚಲು ಎಷ್ಟು ಗಾಳಿ ಎಳೆದುಕೊಂಡಿತು ಎಂಬುದರ ಮೇಲೆ ಮಸಿಯ ಲೆಕ್ಕ ನಿಂತಿದೆ. ಬೇಕಾದುದರ ಅರ್ಧಕ್ಕಿಂತ ಹೆಚ್ಚು ಗಾಳಿ ಬೆಂಕಿಗೆ ಮೊದಲೇ ಸೇರಿದ್ದರೆ ಮಸಿ ಹುಟ್ಟುವುದೇ ಇಲ್ಲ ಎನ್ನುವಷ್ಟು ಇಳಿಯುತ್ತದೆ.

ಇದೇ ಎಳೆ ಹಿಡಿದು ಸಾಂಡಿಯಾದಲ್ಲೇ ಚಾರ್ಲ್ಸ್ ಮುಲ್ಲರ್ ಮತ್ತು ಅವರ ಜೊತೆಗಾರರು ಒಂದು ಸರಳ ಉಪಾಯ ಮಾಡಿದ್ದಾರೆ. ನಾಜಲ್ಲಿನ ಪ್ರತಿ ತೂತಿನ ಮುಂದೆ, ಸ್ವಲ್ಪ ಜಾಗ ಬಿಟ್ಟು, ಎರಡೂ ಕಡೆ ತೆರೆದ ಒಂದು ಗಿಡ್ಡ ಕೊಳವೆ. ಎರಚಲು ಅದರ ಮೂಲಕ ಹಾಯುವಾಗ ಹಿಂದಿನ ಬಾಯಿಯಿಂದ ಗಾಳಿಯನ್ನು ಎಳೆದುಕೊಂಡು ಬೆರೆತು ಹೊರಬರುತ್ತದೆ, ಆಮೇಲೆ ಹತ್ತುತ್ತದೆ. ಪ್ರಯೋಗಗಳಲ್ಲಿ ಮಸಿ ಬಹಳವಾಗಿ ಇಳಿದಿದೆ. ಪ್ರಯೋಗಾಲಯದ ಬುನ್ಸೆನ್ ಬರ್ನರ್ ನೋಡಿ ಹೊಳೆದ ವಿಚಾರವಂತೆ.

ನೀವು ಇದನ್ನು ಅಡುಗೆಮನೆಯಲ್ಲೇ ನೋಡಬಹುದು. ಗ್ಯಾಸ್ ಒಲೆಯ ಬರ್ನರಿಗೆ ಹೋಗುವ ಕೊಳವೆಯ ಬುಡದಲ್ಲಿ, ಗ್ಯಾಸ್ ಚಿಮ್ಮುವ ಜೆಟ್ಟಿನ ಪಕ್ಕ, ಗಾಳಿ ಒಳಹೋಗುವ ತೆರಪು ಇರುತ್ತದೆ. ಉರಿ ನೀಲಿಯಾಗಿದ್ದರೆ ಗಾಳಿ ಮೊದಲೇ ಸೇರಿದೆ ಎಂದರ್ಥ. ಆ ತೆರಪಿನಲ್ಲಿ ಜೇಡ ಬಲೆ ಕಟ್ಟಿದರೆ ಸುತ್ತಲೂ ಗಾಳಿ ತುಂಬಿದ್ದರೂ ಉರಿ ಹಳದಿಯಾಗುತ್ತದೆ, ಪಾತ್ರೆಯ ತಳ ಕಪ್ಪಾಗುತ್ತದೆ.